ಎಂಸಿಬಿ ಇದ್ದರೆ ಸಾಕಾ? ಮನೆಯ ಕರೆಂಟಿನಲ್ಲಿ ಯಾವುದು ಯಾರನ್ನು ಕಾಯುತ್ತದೆ

"ಫ್ರಿಜ್ ಮುಟ್ಟಿದ್ರೆ ಜುಮ್ ಅನ್ನುತ್ತೆ" ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ನಮ್ಮಲ್ಲಿ ಬರುವ ಉತ್ತರ ಹೆಚ್ಚಾಗಿ ಒಂದೇ. "ಎಂಸಿಬಿ ಇದೆಯಲ್ಲ, ಜಾಸ್ತಿ ಆದ್ರೆ ಅದೇ ಬಿದ್ದುಹೋಗುತ್ತೆ. ಚಪ್ಪಲಿ ಹಾಕ್ಕೊಂಡು ಮುಟ್ಟು." ಈ ಮಾತನ್ನು ನಂಬಿ ಕೂತರೆ ಜೀವಕ್ಕೇ ಕುತ್ತು. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದಾಗ ತಾನಾಗಿ ಬೀಳುವ ಸ್ವಿಚ್, ಅದು ಕಾಯುವುದು ಗೋಡೆಯೊಳಗಿನ ವೈರನ್ನು. ಶಾಕ್ ಹೊಡೆದು ಯಾರಾದರೂ ಒದ್ದಾಡುತ್ತಿದ್ದರೂ ಅದು ಹಾಗೇ ಆನ್ ಆಗಿಯೇ ಇರಬಹುದು. ಯಾಕೆ ಅನ್ನುವುದು ಒಂದು ಸಣ್ಣ ಲೆಕ್ಕದಲ್ಲಿ ಗೊತ್ತಾಗುತ್ತದೆ. ಅದು ಗೊತ್ತಾದರೆ, ಯಾವ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಬೇಕೇ ಬೇಕು ಅನ್ನುವುದನ್ನೂ ನೀವೇ ತೀರ್ಮಾನಿಸಬಹುದು.

ನಮ್ಮ ಮನೆಗೆ ಬರುವ ಸಿಂಗಲ್ ಫೇಸ್ ಕರೆಂಟ್ 230 ವೋಲ್ಟ್. ಮನುಷ್ಯನ ದೇಹ ಅದಕ್ಕೆ ಒಡ್ಡುವ ತಡೆ ಚರ್ಮ ಒಣಗಿದೆಯೋ ಒದ್ದೆಯಾಗಿದೆಯೋ ಅನ್ನುವುದರ ಮೇಲೆ ಬದಲಾಗುತ್ತದೆ. ಲೆಕ್ಕಕ್ಕೆ 1000 ಓಮ್ ಅಂದುಕೊಳ್ಳೋಣ. ಆಗ ದೇಹದ ಮೂಲಕ ಹರಿಯುವುದು 230 ಮಿಲಿ ಆಂಪಿಯರ್, ಅಂದರೆ 0.23 ಆಂಪಿಯರ್. ಹಳೇ ಕಾಲದ 50 ವ್ಯಾಟ್ ಬಲ್ಬ್ ಒಂದು ಎಳೆಯುವಷ್ಟು ಕರೆಂಟ್ ಅಷ್ಟೇ. 16 ಆಂಪಿಯರ್‌ನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. ನಿಯಮದ ಪ್ರಕಾರ 16 ಆಂಪಿಯರ್ ಎಂಸಿಬಿ 18 ಆಂಪಿಯರ್ ಹರಿದರೂ ಒಂದು ಗಂಟೆಯವರೆಗೆ ಬೀಳಬಾರದು. 23 ಆಂಪಿಯರ್ ದಾಟಿದರೆ ಒಂದು ಗಂಟೆಯ ಒಳಗೆ ಬೀಳಬೇಕು. ಥಟ್ಟನೆ ಬೀಳಬೇಕಾದರೆ, ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ 'ಸಿ' ಮಾದರಿಯಲ್ಲಿ, 80ರಿಂದ 160 ಆಂಪಿಯರ್ ಹರಿಯಬೇಕು. ಕರೆಂಟ್ ತರುವ ಫೇಸ್ ವೈರ್ ಮತ್ತು ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ ವೈರ್ ನೇರವಾಗಿ ತಾಗಿ ಶಾರ್ಟ್ ಆದಾಗ ಅಷ್ಟು ಹರಿಯುತ್ತದೆ. ಮನುಷ್ಯ ಮುಟ್ಟಿದಾಗ ಹರಿಯುವುದಿಲ್ಲ.

ಮನುಷ್ಯನಿಗೆ ಎಷ್ಟು ಕರೆಂಟ್ ಅಪಾಯ? ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಜಿಯಲ್ ಈ ಪ್ರಶ್ನೆಯನ್ನೇ ಹಿಡಿದು ಪ್ರಯೋಗ ಮಾಡಿದರು. ವೈರ್ ಹಿಡಿದ ಕೈಯನ್ನು ತಾನಾಗಿ ಬಿಡಿಸಿಕೊಳ್ಳುವ ಶಕ್ತಿ ಗಂಡಸರಿಗೆ ಸರಾಸರಿ 16 ಮಿಲಿ ಆಂಪಿಯರ್‌ವರೆಗೆ, ಹೆಂಗಸರಿಗೆ ಸುಮಾರು 10.5ರವರೆಗೆ ಇರುತ್ತದೆ ಎಂದು ಅವರು ಕಂಡುಕೊಂಡರು. ಅದರ ಮೇಲೆ ಹೋದರೆ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಬಿಡಬೇಕು ಅಂದುಕೊಂಡರೂ ಬೆರಳು ಬಿಚ್ಚುವುದಿಲ್ಲ. "ಕರೆಂಟ್ ಎಳೆದುಕೊಳ್ತು" ಎಂದು ಹಳ್ಳಿಯಲ್ಲಿ ಹೇಳುವುದು ಇದನ್ನೇ. 30 ಮಿಲಿ ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಸ್ವಲ್ಪ ಹೊತ್ತು ಎದೆಯ ಮೂಲಕ ಹರಿದರೆ ಹೃದಯದ ಬಡಿತ ತಾಳ ತಪ್ಪುವ ಅಪಾಯ ಶುರುವಾಗುತ್ತದೆ.

30 ಮಿಲಿ ಆಂಪಿಯರ್ ಎಲ್ಲಿ, 16 ಆಂಪಿಯರ್ ಎಲ್ಲಿ! ಐನೂರು ಪಟ್ಟಿಗೂ ಜಾಸ್ತಿ ವ್ಯತ್ಯಾಸ. ಆ ಅಂತರದಲ್ಲಿ ನಮ್ಮನ್ನು ಕಾಯುವುದು ಆರ್‌ಸಿಸಿಬಿ. ಹಳಬರು ಇದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ, ಅಂಗಡಿಯಲ್ಲಿ ಆ ಹೆಸರು ಹೇಳಿದರೂ ಇದನ್ನೇ ಕೊಡುತ್ತಾರೆ.

ಆರ್‌ಸಿಸಿಬಿ ಮಾಡುವ ಕೆಲಸ

ಒಳ್ಳೆಯ ಲೆಕ್ಕದವರು ಹೋದ ಹಣ, ಬಂದ ಹಣ ತಾಳೆ ನೋಡುವ ಹಾಗೆ ಇದು ಫೇಸ್‌ನಲ್ಲಿ ಹೋದ ಕರೆಂಟನ್ನೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂದ ಕರೆಂಟನ್ನೂ ತಾಳೆ ನೋಡುತ್ತಲೇ ಇರುತ್ತದೆ. ಎರಡೂ ಸಮ ಇದ್ದರೆ ಸುಮ್ಮನಿರುತ್ತದೆ. ನೀವು ಕರೆಂಟ್ ಬಂದ ವಸ್ತುವನ್ನು ಮುಟ್ಟಿದಾಗ ಸ್ವಲ್ಪ ಕರೆಂಟ್ ನಿಮ್ಮ ಮೂಲಕ ನೆಲಕ್ಕೆ ಇಳಿಯುತ್ತದೆ, ನ್ಯೂಟ್ರಲ್‌ಗೆ ವಾಪಸ್ ಬರುವುದಿಲ್ಲ. ಆ ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವುದರೊಳಗೆ ಅದು ಲೈನ್ ಕಡಿಯುತ್ತದೆ. ನಿಯಮದ ಪ್ರಕಾರ 0.3 ಸೆಕೆಂಡಿನ ಒಳಗೆ ಕಡಿಯಬೇಕು. ಸೋರಿಕೆ ಇನ್ನೂ ದೊಡ್ಡದಾಗಿದ್ದರೆ, ಅಂದರೆ 150 ಮಿಲಿ ಆಂಪಿಯರ್ ದಾಟಿದರೆ, 0.04 ಸೆಕೆಂಡು ಸಾಕು. ಶಾಕ್ ಹೊಡೆದದ್ದು ಗೊತ್ತಾಗುತ್ತದೆ, ಬೆಚ್ಚಿಬೀಳುತ್ತೀರಿ, ಆದರೆ ಸಾಮಾನ್ಯವಾಗಿ ಹೃದಯಕ್ಕೆ ಅಪಾಯ ಆಗುವ ಮೊದಲೇ ಕರೆಂಟ್ ಹೋಗಿರುತ್ತದೆ.

ಖರೀದಿಸುವಾಗ ಅದರ ಮೇಲೆ 30 ಮಿಲಿ ಆಂಪಿಯರ್ ಎಂದು ಬರೆದಿದೆಯೇ ನೋಡಿ. 100 ಮತ್ತು 300 ಮಿಲಿ ಆಂಪಿಯರ್‌ನವೂ ಸಿಗುತ್ತವೆ. ಅವು ಬೆಂಕಿ ತಪ್ಪಿಸಲು ಆಗುತ್ತವೆ, ಜೀವ ಉಳಿಸಲು ಅವನ್ನು ನಂಬುವಂತಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೂ ಮನೆ ಸಂಪರ್ಕಕ್ಕೆ 30 ಮಿಲಿ ಆಂಪಿಯರ್ ಮಿತಿಯನ್ನೇ ಹೇಳುತ್ತವೆ.

ಇದಕ್ಕೂ ಮಿತಿಗಳಿವೆ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದು ಮರದ ಸ್ಟೂಲಿನ ಮೇಲೆ ನಿಂತಿದ್ದರೆ ಆರ್‌ಸಿಸಿಬಿ ಲೆಕ್ಕದಲ್ಲಿ ತಪ್ಪೇ ಕಾಣುವುದಿಲ್ಲ. ನಿಮ್ಮನ್ನೂ ಒಂದು ಬಲ್ಬ್ ಅಂತಲೇ ತಿಳಿಯುತ್ತದೆ. ಹಾಗಾಗಿ ಇದು ಇದೆ ಎಂದು ಲೈನ್ ಆಫ್ ಮಾಡದೆ ವೈರಿಗೆ ಕೈ ಹಾಕಬಾರದು. ಓವರ್‌ಲೋಡ್ ಆದರೂ ಇದು ಬೀಳುವುದಿಲ್ಲ, ಅದು ಎಂಸಿಬಿಯ ಕೆಲಸ. ಎರಡೂ ಒಂದರಲ್ಲೇ ಬೇಕಿದ್ದರೆ ಆರ್‌ಸಿಬಿಒ ಸಿಗುತ್ತದೆ.

ಆರ್‌ಸಿಸಿಬಿಯ ಮೇಲೆ 'ಟಿ' ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ. ಟಕ್ ಎಂದು ಬಿದ್ದರೆ ಒಳಗಿನ ಯಂತ್ರ ಸರಿಯಿದೆ. ಬೀಳದಿದ್ದರೆ ಬದಲಾಯಿಸಿ. ನಿಮ್ಮ ಮೀಟರ್ ಬೋರ್ಡಿನಲ್ಲೋ ಒಳಗೆ ಎಂಸಿಬಿಗಳನ್ನು ಜೋಡಿಸಿದ ಪೆಟ್ಟಿಗೆಯಾದ ಡಿಬಿಯಲ್ಲೋ ಈ ಗುಂಡಿ ಇರುವ ಡಬ್ಬಿಯೇ ಇಲ್ಲ ಅಂದರೆ ನಿಮ್ಮ ಮನೆಯಲ್ಲಿ ಆರ್‌ಸಿಸಿಬಿ ಇಲ್ಲ. ಎಲೆಕ್ಟ್ರಿಷಿಯನ್‌ರನ್ನು ಕರೆಯಲು ಮೊದಲ ಕಾರಣ ಇದೇ. ಮಿಕ್ಕಿದ್ದೆಲ್ಲ ಆಮೇಲೆ.

ಅರ್ಥಿಂಗ್ ಒಂದೇ ಸಾಲದು

"ನಮ್ಮಲ್ಲಿ ಅರ್ಥಿಂಗ್ ಚೆನ್ನಾಗಿದೆ" ಎನ್ನುವವರಿಗೂ ಒಂದು ಲೆಕ್ಕ ಇದೆ. ನಮ್ಮ ಹೆಚ್ಚಿನ ಮನೆಗಳಲ್ಲಿ ಅರ್ಥಿಂಗ್ ಅಂದರೆ ಅಂಗಳದಲ್ಲೋ ಪಕ್ಕದ ಸಂದಿಯಲ್ಲೋ ಗುಂಡಿ ತೆಗೆದು ಜಿಐ ಪೈಪ್ ಹೂತು, ಸುತ್ತ ಇದ್ದಿಲು ಉಪ್ಪು ತುಂಬಿ, ಅಲ್ಲಿಂದ ಒಂದು ವೈರ್ ಎಳೆದಿರುವುದು. ಆ ಗುಂಡಿ ಕರೆಂಟಿಗೆ ಒಡ್ಡುವ ತಡೆ ಮಳೆಗಾಲದಲ್ಲಿ ಕಡಿಮೆ, ಬೇಸಿಗೆಯಲ್ಲಿ ಜಾಸ್ತಿ. ಬಯಲುಸೀಮೆಯ ಏಪ್ರಿಲ್ ತಿಂಗಳಲ್ಲಿ ಒಣಗಿದ ಗುಂಡಿಯ ತಡೆ 20 ಓಮ್ ಆಗಿದೆ ಅಂದುಕೊಳ್ಳಿ. ಫ್ರಿಜ್ಜಿನೊಳಗೆ ಫೇಸ್ ವೈರ್ ಸವೆದು ಬಾಡಿಗೆ ತಾಗಿತು. 230ನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. ಇಷ್ಟು ಕರೆಂಟ್ ನೆಲಕ್ಕೆ ಹರಿಯುತ್ತಲೇ ಇರುತ್ತದೆ. 16 ಆಂಪಿಯರ್ ಎಂಸಿಬಿ ಬೀಳುವುದೇ ಇಲ್ಲ. ಫ್ರಿಜ್ಜಿನ ಬಾಡಿಯಲ್ಲಿ ಅಪಾಯದ ವೋಲ್ಟೇಜ್ ಹಾಗೇ ನಿಂತಿರುತ್ತದೆ. ಬಿಲ್ಲೂ ಏರುತ್ತಿರುತ್ತದೆ.

ಅದೇ ಜಾಗದಲ್ಲಿ ಆರ್‌ಸಿಸಿಬಿ ಇದ್ದರೆ? 11.5 ಆಂಪಿಯರ್ ಅಂದರೆ 11,500 ಮಿಲಿ ಆಂಪಿಯರ್. ಅದು ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ, ಯಾರೂ ಫ್ರಿಜ್ ಮುಟ್ಟುವ ಮೊದಲೇ. ಅರ್ಥಿಂಗ್ ಸೋರಿದ ಕರೆಂಟಿಗೆ ದಾರಿ ಕೊಡುತ್ತದೆ, ಆರ್‌ಸಿಸಿಬಿ ಆ ದಾರಿಯಲ್ಲಿ ಹೋದದ್ದನ್ನು ಕಂಡು ಲೈನ್ ಕಡಿಯುತ್ತದೆ. ಅರ್ಥಿಂಗ್ ಇಲ್ಲದೆ ಆರ್‌ಸಿಸಿಬಿ ಮಾತ್ರ ಇದ್ದರೆ ಕರೆಂಟ್ ಹರಿಯುವುದು ನೀವು ಮುಟ್ಟಿದ ಮೇಲೆಯೇ. ಎರಡೂ ಬೇಕು.

ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕಿ. ಹಳೇ ಮನೆಗಳಲ್ಲಿ ಆ ಪೈಪಿಗೆ ವೈರ್ ಬಿಗಿದ ಬೋಲ್ಟ್ ತುಕ್ಕು ಹಿಡಿದು ಬಿಟ್ಟುಕೊಂಡಿರುತ್ತದೆ. ಮನೆಗೆ ಬಣ್ಣ ಹೊಡೆಸುವಾಗಲೋ ಅಂಗಳಕ್ಕೆ ಟೈಲ್ಸ್ ಹಾಕಿಸುವಾಗಲೋ ಕಡಿದು ಹೋಗಿದ್ದರೂ ಯಾರಿಗೂ ಗೊತ್ತಾಗಿರುವುದಿಲ್ಲ. ಅರ್ಥಿಂಗ್ ಕಡಿದರೆ ಲೈಟ್ ಆರುವುದಿಲ್ಲವಲ್ಲ. ಟೆಸ್ಟರ್ ಇಟ್ಟು ನೋಡಿದರೂ ಅರ್ಥಿಂಗ್ ಸರಿಯಿದೆಯೇ ಎಂದು ತಿಳಿಯುವುದಿಲ್ಲ. ಅದಕ್ಕೆ ಅರ್ಥ್ ಟೆಸ್ಟರ್ ಎಂಬ ಬೇರೆ ಉಪಕರಣ ಬೇಕು, ಅದು ಎಲೆಕ್ಟ್ರಿಷಿಯನ್ ಬಳಿ ಇರಬೇಕು.

ಮೂರು ಪಿನ್‌ನ ಪ್ಲಗ್‌ನಲ್ಲಿ ಮೇಲಿನ ದಪ್ಪ ಪಿನ್ ಉಳಿದೆರಡಕ್ಕಿಂತ ಉದ್ದ ಇರುತ್ತದೆ. ಸಾಕೆಟ್ಟಿಗೆ ಮೊದಲು ಅರ್ಥ್ ಸೇರಲಿ, ತೆಗೆಯುವಾಗ ಕೊನೆಗೆ ಬಿಡಲಿ ಎಂದೇ ಹಾಗೆ ಮಾಡಿರುವುದು. ಇಸ್ತ್ರಿಪೆಟ್ಟಿಗೆಗೋ ವಾಷಿಂಗ್ ಮೆಷಿನ್ನಿಗೋ ಆ ಪಿನ್ ಮುರಿದು ಎರಡು ಪಿನ್ ಸಾಕೆಟ್ಟಿಗೆ ತುರುಕಿದರೆ ಮೇಲೆ ಹೇಳಿದ ಲೆಕ್ಕವೆಲ್ಲ ವ್ಯರ್ಥ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಚೌಕದೊಳಗೆ ಇನ್ನೊಂದು ಚೌಕ ಇರುವ ಗುರುತು ಕಂಡರೆ ಮಾತ್ರ ಆ ಸಾಧನಕ್ಕೆ ಅರ್ಥ್ ಬೇಡ. ಮೊಬೈಲ್ ಚಾರ್ಜರ್‌ಗಳ ಮೇಲೆ ಆ ಗುರುತು ಇರುತ್ತದೆ.

ಬೆಂಕಿ ಹುಟ್ಟುವ ಜಾಗ

ಶಾಕ್ ಒಂದು ಕಡೆ, ಬೆಂಕಿ ಇನ್ನೊಂದು ಕಡೆ. ಇಲ್ಲಿ ಎಂಸಿಬಿಗೆ ದೊಡ್ಡ ಪಾತ್ರ ಇದೆ, ಆದರೆ ಅದರ ಕಣ್ಣಿಗೂ ಬೀಳದ ಒಂದು ತೊಂದರೆ ಇದೆ: ಲೂಸ್ ಕನೆಕ್ಷನ್.

ಸಾಕೆಟ್ಟಿನ ಹಿಂದೆ ಸ್ಕ್ರೂ ಸಡಿಲಾಗಿದೆ ಅಂದುಕೊಳ್ಳಿ. ಗೀಸರ್ ಎಳೆಯುವುದು 13 ಆಂಪಿಯರ್, ಎಂಸಿಬಿ 16ರದ್ದು. ಕರೆಂಟ್ ಮಿತಿಯೊಳಗೇ ಇದೆ, ಹಾಗಾಗಿ ಎಂಸಿಬಿ ಬೀಳುವುದಿಲ್ಲ. ನೆಲಕ್ಕೆ ಸೋರಿಲ್ಲ, ಹಾಗಾಗಿ ಆರ್‌ಸಿಸಿಬಿಯೂ ಬೀಳುವುದಿಲ್ಲ. ಆದರೆ ಸಡಿಲಾದ ಆ ಒಂದು ಬಿಂದುವಿನಲ್ಲಿ ಶಾಖ ಹುಟ್ಟುತ್ತಲೇ ಇರುತ್ತದೆ. ಬಿಸಿಯಾದಷ್ಟೂ ಲೋಹ ಕಪ್ಪಾಗುತ್ತದೆ, ಕಪ್ಪಾದಷ್ಟೂ ತಡೆ ಜಾಸ್ತಿ, ತಡೆ ಜಾಸ್ತಿಯಾದಷ್ಟೂ ಮತ್ತೆ ಬಿಸಿ. ಸಾಕೆಟ್ ಹಳದಿಯಾಗುವುದು, ಪಿನ್ ಕಪ್ಪಾಗುವುದು, ಪ್ಲಗ್ ಮುಟ್ಟಿದರೆ ಸುಡುವುದು, ಸ್ವಿಚ್ ಹಾಕಿದಾಗ ಚಿರ್ ಚಿರ್ ಸದ್ದು, ಕೊಳೆತ ಮೀನಿನಂಥ ಸುಟ್ಟ ಪ್ಲಾಸ್ಟಿಕ್ ವಾಸನೆ, ಇವೆಲ್ಲ ಅದರ ಗುರುತು. ಈ ವಾಸನೆ ಬಂದರೆ ಎಲ್ಲಿಂದ ಎಂದು ಹುಡುಕುತ್ತಾ ಕೂರಬೇಡಿ. ಮೇನ್ ಆಫ್ ಮಾಡಿ, ಆಮೇಲೆ ಫೋನ್ ಮಾಡಿ. ಎಂಸಿಬಿ, ಆರ್‌ಸಿಸಿಬಿ ಎರಡೂ ಹಿಡಿಯದ ಈ ದೋಷವನ್ನು ಹಿಡಿಯಬೇಕಾದದ್ದು ನಿಮ್ಮ ಮೂಗು ಮತ್ತು ಕೈ.

ಎಕ್ಸ್‌ಟೆನ್ಷನ್ ಬಾಕ್ಸ್ ಕೂಡ ಇಲ್ಲೇ ಬರುತ್ತದೆ. 6 ಆಂಪಿಯರ್ ಸಾಕೆಟ್ ತಾಳುವುದು 1380 ವ್ಯಾಟ್‌ವರೆಗೆ. 2000 ವ್ಯಾಟ್ ಇಂಡಕ್ಷನ್ ಒಲೆ ಎಳೆಯುವುದು ಹತ್ತಿರ ಹತ್ತಿರ 9 ಆಂಪಿಯರ್. ಅದನ್ನು ಕನ್ವರ್ಟರ್ ಪ್ಲಗ್ ಹಾಕಿ 6 ಆಂಪಿಯರ್ ಬಾಕ್ಸಿಗೆ ಸಿಕ್ಕಿಸಿದರೆ ಒಲೆಯ ಜೊತೆಗೆ ಬಾಕ್ಸ್ ಕೂಡ ಬೇಯುತ್ತದೆ. ಇಂಡಕ್ಷನ್, ಗೀಸರ್, ಎಸಿ, ಓವನ್ ಇವಕ್ಕೆ ಗೋಡೆಯ 16 ಆಂಪಿಯರ್ ಪಾಯಿಂಟೇ ಬೇಕು.

ಎಂಸಿಬಿ ಪದೇ ಪದೇ ಬಿದ್ದರೆ "ದೊಡ್ಡದು ಹಾಕಿಬಿಡಿ" ಎಂದು ಕೇಳುವವರಿದ್ದಾರೆ, ಹಾಕಿಕೊಡುವವರೂ ಇದ್ದಾರೆ. ಇದು ಬೆಂಕಿಯನ್ನು ಮನೆಗೆ ಕರೆದ ಹಾಗೆಯೇ. ಎಂಸಿಬಿಯ ಅಳತೆ ವೈರಿನ ದಪ್ಪಕ್ಕೆ ತಕ್ಕಂತೆ ಇರಬೇಕು. ಲೈಟ್‌ಗಳಿಗೆ ಎಳೆದ 1.5 ಚದರ ಮಿಲಿಮೀಟರ್ ವೈರಿಗೆ 32 ಆಂಪಿಯರ್ ಎಂಸಿಬಿ ಹಾಕಿದರೆ ಎಂಸಿಬಿ ಬೀಳುವ ಮೊದಲು ವೈರಿನ ಸಿಪ್ಪೆ ಕರಗಬಹುದು. ಹಳೇ ಫ್ಯೂಸ್ ಕ್ಯಾರಿಯರ್‌ಗೆ ಸಿಕ್ಕ ದಪ್ಪ ತಾಮ್ರದ ತಂತಿ ಸುತ್ತುವುದೂ ಇದೇ ತಪ್ಪು.

ಸ್ನಾನದ ಮನೆ ಮತ್ತು ಹೀಟರ್ ರಾಡ್

ಬಕೆಟ್ಟಿಗೆ ಇಳಿಬಿಡುವ ವಾಟರ್ ಹೀಟರ್ ರಾಡ್ ಅಗ್ಗ, ಹಾಗಾಗಿ ಹಾಸ್ಟೆಲ್, ಬಾಡಿಗೆ ರೂಮು, ಹಳ್ಳಿ ಮನೆ ಎಲ್ಲ ಕಡೆ ಇದೆ. ಮನೆಯ ಸಾಧನಗಳಲ್ಲಿ ನನಗೆ ಅತಿ ಹೆಚ್ಚು ಭಯ ಇರುವುದು ಇದರ ಬಗ್ಗೆ. ನೀರು, ಬರಿಗಾಲು, ಒದ್ದೆ ನೆಲ, ಕರೆಂಟ್ ನಾಲ್ಕೂ ಒಂದೇ ಕಡೆ ಸೇರುವುದು ಇಲ್ಲೇ. ರಾಡಿನ ಹೊರಕವಚ ತೂತಾಗಿದ್ದರೆ ಬಕೆಟ್ಟಿನ ನೀರಿಗೇ ಕರೆಂಟ್ ಬರುತ್ತದೆ. ನೀರು ಕಾದಿದೆಯಾ ನೋಡಲು ಬೆರಳು ಅದ್ದಿದವರಿಗೆ ಎರಡನೇ ಅವಕಾಶ ಸಿಗದೇ ಹೋಗಬಹುದು. ಪ್ಲಾಸ್ಟಿಕ್ ಬಕೆಟ್ಟೇ ಇರಲಿ. ರಾಡ್ ನೀರಿನಲ್ಲಿ ಗುರುತಿನವರೆಗೆ ಮುಳುಗಿದ ಮೇಲೆ ಸ್ವಿಚ್ ಹಾಕಿ. ನೀರು ಮುಟ್ಟುವ ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನೂ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದೇ? ಸಾಲದು. ವೈರಿಂಗ್ ಮಾಡಿದವರು ಸ್ವಿಚ್ಚನ್ನು ಫೇಸ್‌ನ ಬದಲು ನ್ಯೂಟ್ರಲ್‌ಗೆ ಹಾಕಿದ್ದರೆ, ಆಫ್ ಮಾಡಿದರೂ ಫೇಸ್ ರಾಡಿನಲ್ಲಿ ಇದ್ದೇ ಇರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ರಾಡನ್ನು ಬಿಟ್ಟು ಗೀಸರ್ ಹಾಕಿಸುವುದೇ ಸರಿ. ಗೀಸರ್ ಇದ್ದರೂ ಆಫ್ ಮಾಡಿಯೇ ಸ್ನಾನಕ್ಕೆ ಇಳಿಯಿರಿ.

ಹೊರಗಿನ ವಿಷಯ ಒಂದು ಮಾತು. ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಬೇಡಿ, ಅದರಲ್ಲೂ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಹತ್ತಿರ. ಮಳೆ ಗಾಳಿಗೆ ವೈರ್ ಉಜ್ಜಿ ಸಿಪ್ಪೆ ಸುಲಿದರೆ ಆ ತಂತಿಗೆ ಕರೆಂಟ್ ಬರುತ್ತದೆ, ಒದ್ದೆ ಬಟ್ಟೆ ಹಿಡಿದವರು ಅದನ್ನು ಮುಟ್ಟುತ್ತಾರೆ. ನೈಲಾನ್ ಹಗ್ಗ ಸಾಕು.

ಯಾರನ್ನು ಕರೆಯಬೇಕು, ಯಾವಾಗ

ಬಲ್ಬ್ ಬದಲಾಯಿಸುವುದು, ಟಿ ಗುಂಡಿ ಒತ್ತುವುದು, ಅರ್ಥಿಂಗ್ ಗುಂಡಿಗೆ ನೀರು ಹಾಕುವುದು, ಕಿತ್ತುಹೋದ ಪ್ಲಗ್ ಟಾಪ್ ಎಸೆದು ಹೊಸದು ಹಾಕುವುದು, ಇಷ್ಟು ನೀವೇ ಮಾಡಬಹುದು. ಪ್ಲಗ್ ಟಾಪ್ ಹಾಕುವಾಗ ಬಣ್ಣ ಗಮನಿಸಿ. ಸಾಧನದ ಬಳ್ಳಿಯಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆಯದು ಅರ್ಥ್. ಗೋಡೆಯೊಳಗೆ ಮಾತ್ರ ನಮ್ಮಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಒಂದೇ ನೀಲಿ ಒಂದು ಕಡೆ ನ್ಯೂಟ್ರಲ್, ಇನ್ನೊಂದು ಕಡೆ ಫೇಸ್. ಯೂಟ್ಯೂಬ್ ನೋಡಿ ಸ್ವಿಚ್ ಬೋರ್ಡ್ ಬಿಚ್ಚುವವರು ಎಡವುವುದು ಇಲ್ಲೇ. ಯುಪಿಎಸ್ ಇರುವ ಮನೆಯಲ್ಲಿ ಇನ್ನೊಂದು ಅಪಾಯ ಇದೆ. ಮೇನ್ ಆಫ್ ಮಾಡಿದರೂ ಯುಪಿಎಸ್ ಲೈನ್‌ನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಆದ್ದರಿಂದ ಬೋರ್ಡ್ ಬಿಚ್ಚುವ ಕೆಲಸ ಏನೇ ಇರಲಿ, ಎಲೆಕ್ಟ್ರಿಷಿಯನ್‌ಗೆ ಬಿಡಿ.

ಜುಮ್ ಅನ್ನುವುದು ಎಷ್ಟೇ ಸಣ್ಣದಿದ್ದರೂ ಕರೆಯಿರಿ. ಸಾಧನ ಸರಿಯಿದ್ದು ಅರ್ಥಿಂಗ್ ಕಡಿದಿದ್ದರೂ ಹಾಗಾಗುತ್ತದೆ. ಅಂದರೆ ನಾಳೆ ಸಾಧನ ಕೆಟ್ಟಾಗ ಕಾಯುವವರು ಯಾರೂ ಇಲ್ಲ ಎಂದು ಇವತ್ತೇ ತಿಳಿದ ಹಾಗೆ. ಒಂದೇ ಎಂಸಿಬಿ ಮತ್ತೆ ಮತ್ತೆ ಬೀಳುತ್ತಿದ್ದರೆ, ಮಳೆ ಬಂದಾಗ ಗೋಡೆ ಒದ್ದೆಯಾಗಿ ಬೋರ್ಡಿನಲ್ಲಿ ಶಾಕ್ ಹೊಡೆದರೆ, ಎಸಿ, ಗೀಸರ್ ಅಥವಾ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್ ಪಾಯಿಂಟ್ ಹೊಸದಾಗಿ ಬೇಕಿದ್ದರೆ, ಮರದ ಪಟ್ಟಿಯ ಮೇಲೆ ವೈರ್ ಎಳೆದ ಹಳೇ ಮನೆಗೆ ಹೋಗುತ್ತಿದ್ದರೆ ಕೂಡ.

ಆದರೆ ಕೆಲವು ಸಂಗತಿಗೆ ಎಲೆಕ್ಟ್ರಿಷಿಯನ್ ಅಲ್ಲ, 1912ಕ್ಕೆ ಫೋನ್ ಮಾಡಬೇಕು. ಮನೆಯಲ್ಲಿ ಕೆಲವು ಬಲ್ಬ್ ವಿಪರೀತ ಪ್ರಕಾಶವಾಗಿ, ಕೆಲವು ಮಂಕಾಗಿ ಉರಿದರೆ ನ್ಯೂಟ್ರಲ್ ಕಡಿದಿರಬಹುದು. ಆಗ ಕೆಲವು ಸಾಧನಗಳಿಗೆ 230ಕ್ಕಿಂತ ತುಂಬಾ ಹೆಚ್ಚಿನ ವೋಲ್ಟೇಜ್ ಬರುತ್ತದೆ. ತಕ್ಷಣ ಮೇನ್ ಆಫ್ ಮಾಡಿ. ಕಂಬ, ಸರ್ವಿಸ್ ವೈರ್, ಮೀಟರ್ ಇವೆಲ್ಲ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಅಥವಾ ಮೈಸೂರು ಕಡೆಯ ಸೆಸ್ಕ್‌ನ ಜವಾಬ್ದಾರಿ. ಮೀಟರ್ ದಾಟಿದ ಮೇಲೆ ನಿಮ್ಮದು. ಬಿದ್ದ ವೈರಿನ ಹತ್ತಿರ ಯಾರನ್ನೂ ಬಿಡಬೇಡಿ, ಕರೆಂಟ್ ಇಲ್ಲ ಅನ್ನಿಸಿದರೂ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಮೊದಲು ಮೇನ್ ಆಫ್. ಆಗದಿದ್ದರೆ ಒಣಗಿದ ಮರದ ಕೋಲಿನಿಂದ ತಳ್ಳಿ, ಬರಿಗೈಯಲ್ಲಿ ಮುಟ್ಟಬೇಡಿ. ಉಸಿರಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ಜೋರಾಗಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಾ ಇರಿ. ಮಣ್ಣಿನಲ್ಲಿ ಹೂಳುವುದರಿಂದ ಕರೆಂಟ್ ಇಳಿಯುವುದಿಲ್ಲ, ಉಳಿಸಬಹುದಾದ ನಿಮಿಷಗಳು ಕಳೆದುಹೋಗುತ್ತವೆ. ಎದ್ದು ಕೂತು "ಏನೂ ಆಗಿಲ್ಲ" ಎಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೃದಯದ ಬಡಿತ ಪರೀಕ್ಷೆ ಆಗಲೇಬೇಕು.

ಬಂದವರ ಕೆಲಸ ನೋಡುವುದು ಹೇಗೆ

ಕರ್ನಾಟಕದಲ್ಲಿ ಗುತ್ತಿಗೆದಾರರಿಗೆ ಲೈಸೆನ್ಸ್, ವೈರ್‌ಮನ್‌ಗಳಿಗೆ ಪರ್ಮಿಟ್ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಸ್ವಿಚ್ ಬದಲಾಯಿಸುವಂಥ ಸಣ್ಣ ಕೆಲಸಕ್ಕೆ ಪರಿಚಯದವರು ಸಾಕಾಗಬಹುದು. ಹೊಸ ವೈರಿಂಗ್, ಲೋಡ್ ಹೆಚ್ಚಿಸುವುದು, ಅರ್ಥಿಂಗ್, ಡಿಬಿ ಬದಲಾವಣೆ ಇದ್ದರೆ ಲೈಸೆನ್ಸ್ ಕೇಳಿ. ಕೇಳಿದ್ದಕ್ಕೆ ಬೇಸರ ಪಡುವವರು ಬೇಡ.

ಹಳೇ ಮನೆಗೆ ಆರ್‌ಸಿಸಿಬಿ ಹಾಕಿದ ಮೇಲೆ ಅದು ದಿನಾ ಬೀಳತೊಡಗಬಹುದು. ಸಾಮಾನ್ಯವಾಗಿ ಎಲ್ಲೋ ನ್ಯೂಟ್ರಲ್ ಅರ್ಥ್‌ಗೆ ತಾಗಿರುತ್ತದೆ, ಇಲ್ಲವೇ ಯಾವುದೋ ಸಾಧನ ಮೊದಲಿಂದಲೂ ಸೋರುತ್ತಿರುತ್ತದೆ. ಅದು ಇಷ್ಟು ದಿನ ಇದ್ದ ದೋಷ, ಈಗ ಕಂಡಿದೆ ಅಷ್ಟೇ. ಎಲ್ಲ ಪ್ಲಗ್ ಕಿತ್ತು, ಒಂದೊಂದೇ ಹಾಕುತ್ತಾ ಬಂದರೆ ಯಾವ ಸಾಧನ ಎಂದು ನೀವೇ ಹಿಡಿಯಬಹುದು. ಎಲ್ಲ ಕಿತ್ತರೂ ಬೀಳುತ್ತಿದ್ದರೆ ದೋಷ ಗೋಡೆಯೊಳಗಿದೆ, ಅದನ್ನು ಎಲೆಕ್ಟ್ರಿಷಿಯನ್ 500 ವೋಲ್ಟಿನ ಮೆಗ್ಗರ್ ಎಂಬ ಉಪಕರಣ ಇಟ್ಟು ಹುಡುಕಬೇಕು. ಹುಡುಕಲು ಅರ್ಧ ದಿನ ಹಿಡಿಯಬಹುದು. ಆ ಕೂಲಿಗೆ ಹಿಂದೆಮುಂದೆ ನೋಡಬೇಡಿ. "ಇದು ಸುಮ್ನೆ ಬೀಳುತ್ತೆ ಸಾರ್, ಬೈಪಾಸ್ ಮಾಡಿಬಿಡ್ತೀನಿ" ಎಂದರೆ ಮಾತ್ರ ಒಪ್ಪಲೇಬೇಡಿ. ದುಡ್ಡು ಕೊಡುವ ಮೊದಲು ನಿಮ್ಮೆದುರೇ ಟಿ ಗುಂಡಿ ಒತ್ತಿಸಿ, ಅರ್ಥ್ ಟೆಸ್ಟರ್‌ನಲ್ಲಿ ಬಂದ ಓಮ್ ಎಷ್ಟೆಂದು ಡಿಬಿಯ ಬಾಗಿಲ ಒಳಗೆ ತಾರೀಖಿನ ಜೊತೆ ಬರೆಸಿ. ಯಾವ ಎಂಸಿಬಿ ಯಾವ ಕೋಣೆಯದ್ದು ಅನ್ನುವುದನ್ನೂ ಅಲ್ಲೇ ಬರೆಸಿಬಿಡಿ.